ಸೈಕಲ್ಲಿನ ಕವಲಿನಲ್ಲಿ ಸೆರೆಯಾದ ಗಾಳಿ

ಗಾಳಿಗೆ ತೂಕವುಂಟು, ಒತ್ತಡವುಂಟು. ಅದುಮಿದರೆ ಅದು ಕುಗ್ಗುವುದು, ಬಿಟ್ಟರೆ ಹಿಗ್ಗುವುದು. ಇವೆಲ್ಲವೂ ಪ್ರೌಢಶಾಲೆಯ ಪಾಠಪುಸ್ತಕದಲ್ಲಿ ನಾವೆಲ್ಲರೂ ಓದಿದ ಸಂಗತಿಗಳೇ. ಪರೀಕ್ಷೆಯಲ್ಲಿ ಬಾಯ್ಲನ ನಿಯಮವನ್ನು ಬರೆದು ಅಂಕ ಪಡೆದವರೂ ಅನೇಕರು. ಆದರೆ ಅದೇ ನಿಯಮವು ನಮ್ಮ ಕೈಯ ಕೆಳಗೆ, ಸೈಕಲ್ಲಿನ ಹಿಡಿಯಿಂದ ಒಂದು ಗೇಣು ಕೆಳಗೆ, ಕ್ಷಣಕ್ಷಣವೂ ಕೆಲಸ ಮಾಡುತ್ತಿರಬಹುದೆಂದು ಯೋಚಿಸಿದವರು ವಿರಳ. ಬೆಟ್ಟದ ಸೈಕಲ್ಲಿನ ಮುಂಗವಲು, ಎಂದರೆ ಗಾಳಿಯ ಸ್ಪ್ರಿಂಗನ್ನುಳ್ಳ ಫೋರ್ಕು, ಇಂತಹ ಒಂದು ಸಾಧನ. ಅದು ಕೆಟ್ಟಾಗ ಅದರ ರೋಗವನ್ನು ಕಂಡುಹಿಡಿಯುವುದು ಭೌತಶಾಸ್ತ್ರದ ಒಂದು ಒಳ್ಳೆಯ ಅಭ್ಯಾಸವೂ ಆಗುತ್ತದೆ.

ಬೆಳಗಾವಿಯ ಸುತ್ತಿನ ನೆಲ ಇಂತಹ ಸೈಕಲ್ಲಿಗೆ ಹೇಳಿ ಮಾಡಿಸಿದಂತಿದೆ. ಒಂದು ಕಾಲಕ್ಕೆ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದು, ನೇಕಾರಿಕೆಗೆ ಹೆಸರಾದ ಶಹಾಪುರದಿಂದ ಹೊರಟು ಖಾನಾಪುರ ತಾಲೂಕಿನ ಕಡೆಗೆ ತಿರುಗಿದರೆ ದಾರಿಯು ಜಾಂಬೋಟಿಯನ್ನು ದಾಟಿ, ಮಲಪ್ರಭೆ ಹುಟ್ಟುವ ಕಣಕುಂಬಿಯನ್ನು ಮುಟ್ಟಿ, ಚೋರ್ಲಾ ಘಾಟದಲ್ಲಿ ಗೋವೆಯ ಕಡೆಗೆ ಇಳಿಯುತ್ತದೆ. ಕಣಕುಂಬಿಯ ಎತ್ತರ ಸಮುದ್ರಮಟ್ಟದಿಂದ ಸುಮಾರು 792 ಮೀಟರು. ಹೆದ್ದಾರಿಯನ್ನು ಬಿಟ್ಟು ಕಾಡುದಾರಿಗೆ ಇಳಿದರೆ ಬೇರು, ಕಲ್ಲು, ಜಂಬಿಟ್ಟಿಗೆಯ ಕೆಂಪು ಧೂಳು. ಮಳೆಗಾಲದಲ್ಲಿ ಅದೇ ಧೂಳಿನ ಕೆಸರು. ಇಳಿಜಾರಿನಲ್ಲಿ ಮುಂಗವಲಿನ ಗಾಳಿ ಸೋರಿಹೋದರೆ ಸೈಕಲ್ಲಿನ ಮೂಗು ಕುಸಿಯುತ್ತದೆ; ಸವಾರನ ಭಾರವೆಲ್ಲ ಮುಂದಕ್ಕೆ ಬರುತ್ತದೆ; ಒಂದು ಕಲ್ಲು ಅಡ್ಡ ಬಂದರೆ ಅವನು ಹಿಡಿಯ ಮೇಲಿಂದ ಹಾರಿಬೀಳಬಹುದು. ಇನ್ನೊಂದು ಕಡೆ, ಕೆಲವೇ ರೂಪಾಯಿಗಳ ರಬ್ಬರು ಬಳೆ ಸವೆದುದನ್ನು ತಿಳಿಯದೆ ಇಡೀ ಫೋರ್ಕನ್ನೇ ಬದಲಿಸಲು ವಿದ್ಯಾರ್ಥಿಯೊಬ್ಬನು ತನ್ನ ವರ್ಷದ ಉಳಿತಾಯವನ್ನು ಸುರಿಯಬಹುದು. ಆದುದರಿಂದ ಈ ಸಾಧನವನ್ನು ಬಿಚ್ಚದೆಯೇ ಅದರ ಒಳಗನ್ನು ಮನಸ್ಸಿನಲ್ಲಿ ಕಾಣುವುದನ್ನು ನಾವು ಕಲಿಯಬೇಕು.

ಗಾಳಿಯೇ ಸ್ಪ್ರಿಂಗು

ಸೈಕಲ್ಲಿನ ಸುಖಕ್ಕಾಗಿ ಗಾಳಿಯನ್ನು ದುಡಿಸಿಕೊಳ್ಳುವುದು ಹೊಸತಲ್ಲ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ಗಾಳಿಯ ಟೈರಿಗೆ ಸನ್ನದು ಪಡೆದನು. ಅದಾದ ನೂರು ವರ್ಷಗಳ ಮೇಲೆ, ಅಮೆರಿಕದ ಪಾಲ್ ಟರ್ನರ್ ಎಂಬಾತನು ಗಾಳಿಯ ಸ್ಪ್ರಿಂಗೂ ಎಣ್ಣೆಯ ತಡೆಯೂ ಸೇರಿದ ಮುಂಗವಲನ್ನು ರೂಪಿಸಿ 1989ರಲ್ಲಿ ಜನರ ಮುಂದಿಟ್ಟನು. ಅದರ ಹೆಸರು ರಾಕ್‌ಶಾಕ್ಸ್ ಆರ್‌ಎಸ್-1. ಮರುವರ್ಷ, 1990ರಲ್ಲಿ, ಡುರಾಂಗೊ ಪಟ್ಟಣದಲ್ಲಿ ಬೆಟ್ಟದ ಸೈಕಲ್ಲಿನ ಮೊದಲ ವಿಶ್ವ ಚಾಂಪಿಯನ್‌ಶಿಪ್ಪು ನಡೆದಾಗ ಇಳಿಜಾರಿನ ಸ್ಪರ್ಧೆಯನ್ನು ಗ್ರೆಗ್ ಹರ್ಬೋಲ್ಡ್ ಇದೇ ಫೋರ್ಕಿನ ಮೇಲೆ ಗೆದ್ದನು. ಅಲ್ಲಿಂದ ಮುಂದೆ ಗಾಳಿಯ ಕವಲು ಬೆಟ್ಟದ ಸೈಕಲ್ಲಿನ ಸಾಮಾನ್ಯ ಅಂಗವಾಯಿತು.

ಎಲ್ಲ ಸೈಕಲ್ಲುಗಳ ಫೋರ್ಕಿನಲ್ಲಿಯೂ ಗಾಳಿ ಇರುವುದಿಲ್ಲವೆಂಬುದನ್ನು ಮೊದಲೇ ಹೇಳಬೇಕು. ಕಡಿಮೆ ಬೆಲೆಯವುಗಳಲ್ಲಿ ಉಕ್ಕಿನ ಸುರುಳಿ ಸ್ಪ್ರಿಂಗು ಇರುತ್ತದೆ. ಎಡಗಾಲಿನ ತುದಿಯ ಮುಚ್ಚಳವನ್ನು ಬಿಚ್ಚಿದಾಗ ಮೋಟಾರ್ ಸೈಕಲ್ಲಿನ ಟ್ಯೂಬಿನಲ್ಲಿರುವಂತಹ ವಾಲ್ವು ಕಂಡರೆ ಅದು ಸಾಮಾನ್ಯವಾಗಿ ಗಾಳಿಯ ಫೋರ್ಕು. ಅಲ್ಲಿ ವಾಲ್ವಿಲ್ಲದೆ ಬರಿಯ ತಿರುಗುವ ಗುಂಡಿ ಇದ್ದರೆ ಅದು ಬಹುಮಟ್ಟಿಗೆ ಸುರುಳಿಯ ಫೋರ್ಕು. ಅಂತಹದಕ್ಕೆ ಈ ಲೇಖನದ ಚಿಕಿತ್ಸೆ ಸಲ್ಲದು.

ಗಾಳಿಯ ಫೋರ್ಕಿನ ರಚನೆ ಸರಳ. ಮೇಲಿನ ಎರಡು ನುಣುಪಾದ ಕೊಳವೆಗಳು ಕೆಳಗಿನ ಎರಡು ದಪ್ಪ ಕಾಲುಗಳ ಒಳಗೆ ಜಾರುತ್ತವೆ. ಸಾಮಾನ್ಯವಾಗಿ ಎಡಗಾಲಿನಲ್ಲಿ ಗಾಳಿ, ಬಲಗಾಲಿನಲ್ಲಿ ಎಣ್ಣೆ. ಎಡಗಾಲಿನ ಕೊಳವೆಯ ಒಳಗೆ ಒಂದು ಪಿಸ್ಟನ್ನು ಇರುತ್ತದೆ. ಅದರ ದಂಡವು ಕೆಳಗಿನ ಕಾಲಿನ ತಳಕ್ಕೆ ಬಿಗಿಯಲ್ಪಟ್ಟಿರುತ್ತದೆ. ಚಕ್ರವು ಕಲ್ಲಿಗೆ ಬಡಿದು ಮೇಲೆದ್ದಾಗ ಪಿಸ್ಟನ್ನೂ ಮೇಲೇರಿ, ಮೇಲಿನ ಕೋಣೆಯ ಗಾಳಿಯನ್ನು ಅದುಮುತ್ತದೆ. ಅದುಮಿದ ಗಾಳಿ ತಿರುಗಿ ತಳ್ಳುತ್ತದೆ. ಹಾಗೆ ತಳ್ಳುವುದು ಒಮ್ಮೆಲೇ ಚಿಮ್ಮದಂತೆ ಬಲಗಾಲಿನ ಎಣ್ಣೆಯು ಸಣ್ಣ ರಂಧ್ರಗಳಲ್ಲಿ ಹಾಯ್ದು ತಡೆಯೊಡ್ಡುತ್ತದೆ.

1662ರಲ್ಲಿ ರಾಬರ್ಟ್ ಬಾಯ್ಲ್ ಪ್ರಕಟಿಸಿದ ನಿಯಮವನ್ನು ಇಲ್ಲಿ ಅನ್ವಯಿಸಿ ನೋಡೋಣ. ಕೊಳವೆಯ ಒಳವ್ಯಾಸ 32 ಮಿಲಿಮೀಟರು, ಗಾಳಿಯ ಕಂಬದ ಎತ್ತರ 150 ಮಿಲಿಮೀಟರು ಎಂದಿಟ್ಟುಕೊಳ್ಳೋಣ. ಆಗ ಕೋಣೆಯ ಘನಗಾತ್ರ ಸುಮಾರು 120 ಘನ ಸೆಂಟಿಮೀಟರು. ಪಂಪಿನ ಮಾಪಕವು ಚದರ ಅಂಗುಲಕ್ಕೆ 80 ಪೌಂಡು ಎಂದು ತೋರಿಸುತ್ತದೆ. ಆದರೆ ಮಾಪಕವು ತೋರಿಸುವುದು ಹೊರಗಿನ ಗಾಳಿಗಿಂತ ಒಳಗಿನ ಒತ್ತಡ ಎಷ್ಟು ಹೆಚ್ಚೆಂಬುದನ್ನು ಮಾತ್ರ. ಸಮುದ್ರತೀರದಲ್ಲಿ ಹೊರಗಿನ ಒತ್ತಡ ಚದರ ಅಂಗುಲಕ್ಕೆ 14.7 ಪೌಂಡು, ಸುಮಾರು 750 ಮೀಟರು ಎತ್ತರದಲ್ಲಿರುವ ಬೆಳಗಾವಿಯಲ್ಲಿ ಅದು ಸುಮಾರು 13.4 ಪೌಂಡು. ಹೀಗಾಗಿ ಒಳಗಿನ ನಿಜವಾದ ಒತ್ತಡ 93.4. ಬಾಯ್ಲನ ನಿಯಮ ಈ ನಿಜವಾದ ಒತ್ತಡಕ್ಕೇ ಸಲ್ಲುವುದು, ಮಾಪಕದ ಅಂಕಿಗಲ್ಲ. ಅನೇಕ ವಿದ್ಯಾರ್ಥಿಗಳು ಲೆಕ್ಕದಲ್ಲಿ ಎಡವುವುದು ಇಲ್ಲಿಯೇ.

ಫೋರ್ಕು 50 ಮಿಲಿಮೀಟರು ಕುಗ್ಗಿದಾಗ ಕಂಬವು 100 ಮಿಲಿಮೀಟರಾಗುತ್ತದೆ, ಒತ್ತಡವು 140ಕ್ಕೇರುತ್ತದೆ. ಇನ್ನೂ 50 ಮಿಲಿಮೀಟರು ಕುಗ್ಗಿದರೆ ಒತ್ತಡವು 280. ಮೊದಲಿನ 50 ಮಿಲಿಮೀಟರಿಗೆ ಏರಿಕೆ ಸುಮಾರು 47; ಎರಡನೆಯ 50ಕ್ಕೆ ಏರಿಕೆ 140. ಉಕ್ಕಿನ ಸುರುಳಿಯಾದರೆ ಎರಡು ಸಲವೂ ಒಂದೇ ಪ್ರಮಾಣದಲ್ಲಿ ಬಿಗಿಯುತ್ತಿತ್ತು. ಗಾಳಿಯು ಮೊದಲು ಮೃದು, ಕೊನೆಯಲ್ಲಿ ಕಠಿಣ. ದೊಡ್ಡ ಹೊಡೆತಕ್ಕೆ ಫೋರ್ಕು ತಳಮುಟ್ಟದಿರುವುದು ಈ ಗುಣದಿಂದಲೇ. ನಿಜವಾದ ಓಟದಲ್ಲಿ ಅದುಮುವಿಕೆ ಬಹು ಬೇಗನೆ ನಡೆಯುವುದರಿಂದ ಗಾಳಿ ಬಿಸಿಯಾಗಿ ಒತ್ತಡವು ಇದಕ್ಕಿಂತಲೂ ಹೆಚ್ಚುತ್ತದೆ. ಟೈರಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದು ಎಲ್ಲರಿಗೂ ಗೊತ್ತಿದ್ದುದೇ.

ಎರಡನೆಯ ಕೋಣೆಯ ರಹಸ್ಯ

ಇಲ್ಲಿ ಒಂದು ತೊಡಕುಂಟು. 32 ಮಿಲಿಮೀಟರು ವ್ಯಾಸದ ಪಿಸ್ಟನ್ನಿನ ಕ್ಷೇತ್ರಫಲ ಸುಮಾರು ಒಂದೂಕಾಲು ಚದರ ಅಂಗುಲ. ಅದರ ಮೇಲೆ ಚದರ ಅಂಗುಲಕ್ಕೆ 80 ಪೌಂಡಿನಂತೆ ಒತ್ತುವ ಬಲ ಸುಮಾರು 100 ಪೌಂಡು, ಎಂದರೆ 45 ಕಿಲೋಗ್ರಾಮಿನ ತೂಕ. ಸವಾರನ ಭಾರದಲ್ಲಿ ಮುಂಚಕ್ರದ ಪಾಲು ಇದಕ್ಕಿಂತ ಕಡಿಮೆ. ಹಾಗಿದ್ದ ಮೇಲೆ ಸಣ್ಣ ಕಲ್ಲುಗಳ ಮೇಲೆ ಫೋರ್ಕು ಅಲುಗಾಡಲೇ ಬಾರದು! ಈ ಬಿಗುವನ್ನು ಕಳೆಯಲು ಪಿಸ್ಟನ್ನಿನ ಕೆಳಗೂ ಒಂದು ಚಿಕ್ಕ ಗಾಳಿಯ ಕೋಣೆಯನ್ನು ಇಡುತ್ತಾರೆ. ಅದನ್ನು ಎದುರುಕೋಣೆ ಎಂದು ಕರೆಯೋಣ. ಮೇಲಿನ ಗಾಳಿ ಫೋರ್ಕನ್ನು ಹಿಗ್ಗಿಸಲು ತಳ್ಳುತ್ತದೆ; ಎದುರುಕೋಣೆಯ ಗಾಳಿ ಕುಗ್ಗಿಸಲು ತಳ್ಳುತ್ತದೆ. ಫೋರ್ಕು ಪೂರ್ತಿ ಹಿಗ್ಗಿ ನಿಂತಾಗ ಇವೆರಡೂ ಸರಿಸುಮಾರಾಗಿ ತೂಗುವುದರಿಂದ ಬೆರಳಿನ ಒತ್ತಿಗೂ ಅದು ಚಲಿಸುತ್ತದೆ.

ಇಂದಿನ ಹೆಚ್ಚಿನ ಫೋರ್ಕುಗಳಲ್ಲಿ ಎರಡು ಕೋಣೆಗಳಿಗೂ ಒಂದೇ ವಾಲ್ವು. ಕೊಳವೆಯ ಒಳಗೋಡೆಯಲ್ಲಿ ಒಂದು ಸ್ಥಳದಲ್ಲಿ ಚಿಕ್ಕ ಕುಳಿ ಇರುತ್ತದೆ. ಪಿಸ್ಟನ್ನಿನ ರಬ್ಬರು ಬಳೆಯು ಆ ಕುಳಿಯನ್ನು ಹಾಯುವಾಗ ಕ್ಷಣಕಾಲ ಗಾಳಿಗೆ ದಾರಿ ದೊರೆತು, ಮೇಲಿನ ಕೋಣೆಯ ಗಾಳಿ ಕೆಳಕ್ಕೆ ಹರಿದು ಒತ್ತಡಗಳು ಸಮವಾಗುತ್ತವೆ. ಆದುದರಿಂದ ಗಾಳಿ ಹಾಕಿದ ಮೇಲೆ ಪಂಪನ್ನು ತೆಗೆಯುವ ಮೊದಲು ಫೋರ್ಕನ್ನು ನಿಧಾನವಾಗಿ ಹತ್ತು ಸಲ ಒತ್ತಿ ಬಿಡಬೇಕು. ಆಗ ಮಾಪಕದ ಮುಳ್ಳು ಕೆಳಗಿಳಿಯುತ್ತದೆ. ಇದು ಸೋರಿಕೆಯಲ್ಲ, ಗಾಳಿಯು ಎದುರುಕೋಣೆಗೆ ಹೋಗಿದೆ, ಅಷ್ಟೆ. ಮತ್ತೆ 80ಕ್ಕೆ ತಂದರಾಯಿತು. ಈ ಕ್ರಮವನ್ನು ಬಿಟ್ಟವರು ಮೊದಲ ಸವಾರಿಯಲ್ಲಿಯೇ ಫೋರ್ಕು ಮೆತ್ತಗಾದುದನ್ನು ಕಂಡು ಸೋರಿಕೆಯೆಂದು ಭ್ರಮಿಸುತ್ತಾರೆ.

ಸೋರಿಕೆಯಲ್ಲದ ಸೋರಿಕೆಗಳು

ವೈದ್ಯನು ರೋಗವಿದೆಯೋ ಇಲ್ಲವೋ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳುತ್ತಾನೆ. ನಾವೂ ಹಾಗೆಯೇ ಮಾಡಬೇಕು. ಗಾಳಿ ಹೋಯಿತೆಂಬ ದೂರುಗಳಲ್ಲಿ ಹಲವು ಬರಿಯ ತೋರಿಕೆಯವು.

ಮೊದಲನೆಯದು ಮಾಪಕದ ಮೋಸ. ನಿನ್ನೆ 80ಕ್ಕೆ ಹಾಕಿದ್ದ ಫೋರ್ಕಿಗೆ ಇಂದು ಪಂಪನ್ನು ಜೋಡಿಸಿದಾಗ ಮುಳ್ಳು 76ರಲ್ಲಿ ನಿಲ್ಲುತ್ತದೆ. ನಾಲ್ಕು ಪೌಂಡು ಎಲ್ಲಿಗೆ ಹೋಯಿತು? ಪಂಪಿನ ನಳಿಕೆಗೂ ಮಾಪಕಕ್ಕೂ ಸೇರಿ 6 ಘನ ಸೆಂಟಿಮೀಟರಿನ ಖಾಲಿ ಜಾಗವಿದೆಯೆಂದು ಭಾವಿಸೋಣ. ಜೋಡಿಸಿದೊಡನೆ ಫೋರ್ಕಿನ ಗಾಳಿಯು ಆ ಜಾಗವನ್ನು ತುಂಬುತ್ತದೆ. 120 ಘನ ಸೆಂಟಿಮೀಟರಿನಲ್ಲಿದ್ದ ಗಾಳಿ 126ಕ್ಕೆ ಹರಡಿಕೊಂಡರೆ ನಿಜವಾದ ಒತ್ತಡ 93.4ರಿಂದ 89.6ಕ್ಕೆ ಇಳಿಯುತ್ತದೆ, ಮಾಪಕದಲ್ಲಿ ಅದು 76. ಕಾರಿನ ಟೈರಿನಲ್ಲಿ ಗಾಳಿಯ ರಾಶಿ ದೊಡ್ಡದಾದುದರಿಂದ ಈ ನಷ್ಟ ಕಣ್ಣಿಗೆ ಬೀಳುವುದಿಲ್ಲ. ಫೋರ್ಕಿನ ಪುಟ್ಟ ಕೋಣೆಯಲ್ಲಿ ಅದು ಎದ್ದು ಕಾಣುತ್ತದೆ. ಅಳೆಯುವ ಕ್ರಿಯೆಯೇ ಅಳೆಯಬೇಕಾದುದನ್ನು ಬದಲಿಸಿಬಿಡುವ ಒಂದು ಸರಳ ನಿದರ್ಶನವಿದು. ಹಾಗೆಯೇ ಪಂಪನ್ನು ತಿರುಗಿಸಿ ತೆಗೆಯುವಾಗ ಕೇಳುವ ಬುಸ್ಸೆಂಬ ಸದ್ದು ನಳಿಕೆಯ ಗಾಳಿಯದು. ವಾಲ್ವಿನೊಳಗಿನ ಮೊಳೆಯು ಅಷ್ಟರೊಳಗೆ ಮುಚ್ಚಿಕೊಂಡಿರುತ್ತದೆ.

ಎರಡನೆಯದು ಚಳಿಯ ಪ್ರಭಾವ. ಗಾತ್ರವು ಬದಲಾಗದಿದ್ದರೆ ಗಾಳಿಯ ಒತ್ತಡವು ಅದರ ನಿರಪೇಕ್ಷ ಉಷ್ಣತೆಯನ್ನು ಅನುಸರಿಸುತ್ತದೆ. ಏಪ್ರಿಲಿನ ಮಧ್ಯಾಹ್ನ, 35 ಡಿಗ್ರಿ ಸೆಲ್ಸಿಯಸ್ ಇರುವಾಗ, ಫೋರ್ಕಿಗೆ 80 ಪೌಂಡು ಗಾಳಿ ಹಾಕಿದ್ದೇವೆ. ಡಿಸೆಂಬರಿನ ಮುಂಜಾನೆ 14 ಡಿಗ್ರಿಗೆ ಇಳಿದಾಗ, ಒಂದು ಗುಳ್ಳೆಯಷ್ಟೂ ಗಾಳಿ ಹೊರಹೋಗದಿದ್ದರೂ, ಒತ್ತಡವು 308ಕ್ಕೆ 287ರ ಪ್ರಮಾಣದಲ್ಲಿ ತಗ್ಗಿ ಮಾಪಕದ ಲೆಕ್ಕದಲ್ಲಿ 73.6 ಆಗುತ್ತದೆ. ಆರು ಪೌಂಡಿಗೂ ಮೀರಿದ ಈ ವ್ಯತ್ಯಾಸವು ಚಳಿಯದೇ ಹೊರತು ಸೀಲಿನದಲ್ಲ.

ಮೂರನೆಯದು ಎಣ್ಣೆಯ ಕಾಲಿನ ದೋಷ. ಬಲಗಾಲಿನ ಬುಡದಲ್ಲಿ ಫೋರ್ಕು ಹಿಂದಿರುಗುವ ವೇಗವನ್ನು ಹೊಂದಿಸುವ ಗುಂಡಿ ಇರುತ್ತದೆ. ಅದನ್ನು ಅತಿಯಾಗಿ ಬಿಗಿಸಿದ್ದರೆ ಒಂದು ಕಲ್ಲಿನಿಂದ ಕುಗ್ಗಿದ ಫೋರ್ಕು ಪೂರ್ತಿ ಏಳುವುದರೊಳಗೆ ಮುಂದಿನ ಕಲ್ಲು ಬರುತ್ತದೆ. ಕಲ್ಲಿನ ದಾರಿಯುದ್ದಕ್ಕೂ ಅದು ತಗ್ಗುತ್ತಲೇ ಹೋಗಿ, ಗಾಳಿ ಇಳಿದಂತೆ ತೋರುತ್ತದೆ. ನಿಂತೊಡನೆ ಮೆಲ್ಲಗೆ ಮೇಲೇಳುತ್ತದೆ. ಗಾಳಿ ನಿಜವಾಗಿ ಹೋಗಿದ್ದರೆ ನಿಂತ ಮೇಲೂ ಏಳುತ್ತಿರಲಿಲ್ಲ. ಇದಕ್ಕೆ ವಿರುದ್ಧವಾಗಿ, ಮೇಲಿನ ಬೀಗದ ಸನ್ನೆ ಮುಚ್ಚಿದ್ದರೆ ಫೋರ್ಕು ಕಲ್ಲಿನಂತೆ ಗಟ್ಟಿಯಾಗಿ, ಗಾಳಿ ಹೆಚ್ಚಾಯಿತೆಂಬ ಭ್ರಮೆ ಹುಟ್ಟಿಸುತ್ತದೆ.

ಮಾಪಕಕ್ಕಿಂತ ಅಳತೆಪಟ್ಟಿ ಮೇಲು

ಹಾಗಾದರೆ ನಿಜವಾದ ಸೋರಿಕೆಯನ್ನು ತಿಳಿಯುವ ಬಗೆ ಹೇಗೆ? ಪಂಪನ್ನು ಜೋಡಿಸಿದರೆ ಗಾಳಿ ಹೊರಬರುವುದರಿಂದ, ಜೋಡಿಸದೆಯೇ ಅಳೆಯಬೇಕು. ಇದಕ್ಕೆ ಶಾಲೆಯ ಅಳತೆಪಟ್ಟಿ ಸಾಕು.

ಹೆಚ್ಚಿನ ಫೋರ್ಕುಗಳ ನುಣುಪಾದ ಕೊಳವೆಯ ಮೇಲೆ ಒಂದು ರಬ್ಬರು ಬಳೆ ಇರುತ್ತದೆ. ಇಲ್ಲದಿದ್ದರೆ ತೆಳುವಾದ ದಾರವನ್ನಾದರೂ ಕಟ್ಟಬಹುದು. ಅದನ್ನು ಸೀಲಿಗೆ ತಾಗುವಂತೆ ಸರಿಸಿ, ಸವಾರನು ಅಲುಗಾಡದೆ ಸೈಕಲ್ಲಿನ ಮೇಲೆ ಕುಳಿತು ಮೆಲ್ಲಗೆ ಇಳಿಯಬೇಕು. ಅವನ ಭಾರಕ್ಕೆ ಫೋರ್ಕು ಎಷ್ಟು ತಗ್ಗಿತೆಂಬುದನ್ನು ಬಳೆಯು ತೋರಿಸುತ್ತದೆ. ಒಟ್ಟು ಚಲನೆ 120 ಮಿಲಿಮೀಟರು ಇದ್ದರೆ ಈ ತಗ್ಗು ಸುಮಾರು 24 ಮಿಲಿಮೀಟರು, ಎಂದರೆ ಐದರಲ್ಲೊಂದು ಪಾಲು ಇರುವುದು ಸಾಮಾನ್ಯವಾಗಿ ಒಳ್ಳೆಯದು. ಈ ಅಂಕಿಯನ್ನು ಬರೆದಿಟ್ಟುಕೊಂಡು, ಮರುದಿನ ಅದೇ ಹೊತ್ತಿಗೆ, ಅದೇ ಉಡುಪಿನಲ್ಲಿ, ಅದೇ ರೀತಿ ಕುಳಿತು ಮತ್ತೆ ಅಳೆಯಬೇಕು. ಹೊತ್ತು ಒಂದೇ ಆದುದರಿಂದ ಉಷ್ಣತೆಯೂ ಬಹುಪಾಲು ಒಂದೇ ಇರುತ್ತದೆ. ತಗ್ಗು ಬೆಳೆದಿದ್ದರೆ ಗಾಳಿ ಹೋಗಿದೆ, ಬೆಳೆಯದಿದ್ದರೆ ಹೋಗಿಲ್ಲ. ಒಂದು ವಾರ ಹೀಗೆ ಬರೆದಿಟ್ಟ ಪಟ್ಟಿಯು ಊಹೆಗೆ ಎಡೆಗೊಡದು.

ಸೋರಿಕೆ ಖಚಿತವಾದ ಮೇಲೆ ಸ್ಥಳವನ್ನು ಹುಡುಕುವ ಕೆಲಸ. ಹೊರಗಿನಿಂದ ಒಳಕ್ಕೆ ಹೋಗುವುದು ಸರಿಯಾದ ಕ್ರಮ. ಏಕೆಂದರೆ ಹೊರಗಿನ ದೋಷಗಳು ಹೆಚ್ಚು ಸಾಮಾನ್ಯ, ಅವುಗಳ ಪರಿಹಾರ ಅಗ್ಗ.

ಮೊದಲು ವಾಲ್ವು. ಹಳೆಯ ಮಾದರಿಯ ಸಾದಾ ಸೈಕಲ್ಲಿನ ವಾಲ್ವಿನಲ್ಲಿ ಸಣ್ಣ ರಬ್ಬರು ನಳಿಕೆಯೊಂದು ಗಾಳಿಯನ್ನು ತಡೆಯುತ್ತದೆ. ಫೋರ್ಕಿನದು ಅದಲ್ಲ; ಇದು ಶ್ರೇಡರ್ ಜಾತಿಯ ವಾಲ್ವು. ಇದರೊಳಗೆ ಸ್ಪ್ರಿಂಗಿನಿಂದ ಮುಚ್ಚಿಕೊಳ್ಳುವ ಒಂದು ಮೊಳೆಯಿದೆ. ಅದರ ಬುಡದ ಪುಟ್ಟ ಸೀಲಿನ ಮೇಲೆ ಮರಳಿನ ಕಣವೊಂದು ಕುಳಿತರೂ ಗಾಳಿ ಜಿನುಗುತ್ತದೆ. ವಾಲ್ವಿನ ಬಾಯಿಗೆ ಸಾಬೂನು ನೀರನ್ನು ಹಚ್ಚಿ ಎರಡು ನಿಮಿಷ ನೋಡಬೇಕು. ಗುಳ್ಳೆ ಎದ್ದರೆ ಒಳಗಿನ ತಿರುಳು ಸಡಿಲವಾಗಿದೆ ಅಥವಾ ಕೊಳೆಯಾಗಿದೆ. ತಿರುಳನ್ನು ಬಿಗಿಸುವ ಕೀಲಿ ಟೈರಿನ ಅಂಗಡಿಯಲ್ಲಿ ದೊರೆಯುತ್ತದೆ. ಬಿಗಿಸಿದರೂ ನಿಲ್ಲದಿದ್ದರೆ, ಗಾಳಿಯನ್ನೆಲ್ಲ ಬಿಟ್ಟ ಬಳಿಕ, ಫೋರ್ಕಿನ ಒತ್ತಡಕ್ಕೆ ತಕ್ಕ ಹೊಸ ತಿರುಳನ್ನು ಹಾಕಬೇಕು.

ಎರಡನೆಯದಾಗಿ ವಾಲ್ವನ್ನು ಹೊತ್ತಿರುವ ಮೇಲಿನ ದೊಡ್ಡ ಮುಚ್ಚಳ. ಅದರ ಸುತ್ತಲೂ ಸಾಬೂನು ನೀರನ್ನು ಹಚ್ಚಬೇಕು. ಗುಳ್ಳೆ ಬಂದರೆ ಮುಚ್ಚಳದ ಕೆಳಗಿನ ರಬ್ಬರು ಬಳೆ ಸವೆದಿದೆ. ಇಂತಹ ದುಂಡು ಬಳೆಗೆ ನೀಲ್ಸ್ ಕ್ರಿಸ್ಟೆನ್‌ಸೆನ್ ಎಂಬಾತನು 1937ರಲ್ಲಿ ಅಮೆರಿಕದಲ್ಲಿ ಸನ್ನದಿಗೆ ಅರ್ಜಿ ಹಾಕಿ 1939ರಲ್ಲಿ ಪಡೆದನು. ಒತ್ತಡ ಹೆಚ್ಚಿದಷ್ಟೂ ಬಳೆಯು ತನ್ನ ಗಾಡಿಯ ಮೂಲೆಗೆ ಅವುಚಿಕೊಂಡು ಇನ್ನೂ ಬಿಗಿಯಾಗಿ ಮುಚ್ಚುವುದು ಅದರ ಹೆಚ್ಚುಗಾರಿಕೆ. ಹೈಡ್ರಾಲಿಕ್ ಪಂಪು, ವಾಲ್ವುಗಳನ್ನು ತಯಾರಿಸುವ ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಈ ಬಳೆಯ ಪರಿಚಯ ಚೆನ್ನಾಗಿಯೇ ಇರುತ್ತದೆ.

ಹೊರಗೆಲ್ಲಿಯೂ ಗುಳ್ಳೆಯಿಲ್ಲ, ಆದರೂ ತಗ್ಗು ದಿನೇ ದಿನೇ ಬೆಳೆಯುತ್ತಿದೆ ಎಂದರೆ ಗಾಳಿ ಫೋರ್ಕಿನ ಒಳಗೇ ಸ್ಥಳ ಬದಲಿಸಿದೆ. ಇಲ್ಲಿ ಎರಡು ದಾರಿಗಳುಂಟು. ಪಿಸ್ಟನ್ನಿನ ಬಳೆ ಸವೆದು ಗಾಳಿ ಎದುರುಕೋಣೆಗೆ ನುಗ್ಗಿದರೆ, ಫೋರ್ಕು ಮೇಲಿನಿಂದ ಯಾರೂ ಒತ್ತದಿದ್ದರೂ ಕುಗ್ಗಿ ಕುಳಿತುಬಿಡುತ್ತದೆ. 120 ಮಿಲಿಮೀಟರು ಕಾಣಬೇಕಾದ ಕೊಳವೆ 100 ಮಿಲಿಮೀಟರು ಮಾತ್ರ ಕಾಣುತ್ತದೆ. ಕೈಯಿಂದ ಎಳೆದರೂ ಹಿಂದಕ್ಕೇ ಹೋಗುತ್ತದೆ. ಫೋರ್ಕನ್ನು ಹಿಗ್ಗಿಸಿಟ್ಟು ಗಾಳಿಯನ್ನು ಒಮ್ಮೆಲೇ ಬಿಟ್ಟಾಗಲೂ ಎದುರುಕೋಣೆಯಲ್ಲಿ ಗಾಳಿ ಸಿಕ್ಕಿಕೊಂಡು ಹೀಗಾಗುವುದುಂಟು. ಆಗ ತಯಾರಕರು ಕಾಲಿನ ಮೇಲೆ ನಮೂದಿಸಿದ ಗರಿಷ್ಠ ಮಿತಿಯನ್ನು ಮೀರದಂತೆ ಗಾಳಿ ಹಾಕಿ, ಫೋರ್ಕನ್ನು ಪೂರ್ತಿ ಎಳೆದು, ಮೊದಲು ಹೇಳಿದಂತೆ ನಿಧಾನವಾಗಿ ಒತ್ತಿ ಬಿಟ್ಟರೆ ಬಳೆಯು ಕುಳಿಯನ್ನು ಹಾಯ್ದು ಒತ್ತಡಗಳು ಸಮವಾಗುತ್ತವೆ. ಕೆಲವೇ ದಿನಗಳಲ್ಲಿ ಅದೇ ತೊಂದರೆ ಮರುಕಳಿಸಿದರೆ ಬಳೆಯನ್ನು ಬದಲಿಸಲೇಬೇಕು.

ಇನ್ನೊಂದು ದಾರಿ, ದಂಡದ ಸುತ್ತಲಿನ ಸೀಲಿನ ಮೂಲಕ ಗಾಳಿಯು ಕೆಳಗಿನ ಕಾಲಿಗೆ ಇಳಿಯುವುದು. ಆಗ ವಿಚಿತ್ರವಾದ ಲಕ್ಷಣ ಕಾಣುತ್ತದೆ. ಮಾಪಕದಲ್ಲಿ ಗಾಳಿ ಕಡಿಮೆ, ಆದರೆ ಫೋರ್ಕು ಕೊನೆಯಲ್ಲಿ ಮೊದಲಿಗಿಂತ ಗಟ್ಟಿ. ಪೂರ್ತಿ ಚಲನೆ ದೊರೆಯುವುದಿಲ್ಲ. ಕಾಲಿನಲ್ಲಿ ಸೆರೆಯಾದ ಗಾಳಿಯೇ ಎರಡನೆಯ ಸ್ಪ್ರಿಂಗಿನಂತೆ ವರ್ತಿಸುತ್ತಿರುತ್ತದೆ.

ಘಾಟವನ್ನೇರಿದ ಗಾಳಿ

ಕಾಲಿನಲ್ಲಿ ಗಾಳಿ ಸೆರೆಯಾಗಲು ಸೀಲು ಕೆಡಲೇಬೇಕೆಂದಿಲ್ಲ. ಬೆಟ್ಟವನ್ನು ಹತ್ತಿದರೂ ಸಾಕು. ಇದನ್ನು ತಿಳಿಯಲು ನಾವು ಹಳೆಯ ಪ್ರಯೋಗವೊಂದನ್ನು ನೆನೆಯಬೇಕು. 1648ರ ಸೆಪ್ಟೆಂಬರ್ 19ರಂದು ಫ್ರಾನ್ಸಿನ ಪುಯಿ ದ ಡೋಮ್ ಎಂಬ ಬೆಟ್ಟವನ್ನು ಫ್ಲೋರಿನ್ ಪೆರಿಯೆ ಎಂಬಾತನು ಪಾದರಸದ ನಳಿಕೆಯೊಂದಿಗೆ ಏರಿದನು. ಹಾಗೆ ಮಾಡಲು ಹೇಳಿದವನು ಅವನ ಭಾವಮೈದುನ ಬ್ಲೇಸ್ ಪಾಸ್ಕಲ್. ಬೆಟ್ಟದ ಬುಡಕ್ಕಿಂತ ನೆತ್ತಿಯಲ್ಲಿ ಪಾದರಸವು ಎಂಟು ಸೆಂಟಿಮೀಟರಿಗೂ ಹೆಚ್ಚು ಕೆಳಗಿಳಿದಿತ್ತು. ಮೇಲೇರಿದಂತೆ ನಮ್ಮ ತಲೆಯ ಮೇಲಿನ ಗಾಳಿಯ ಹೊರೆ ತಗ್ಗುವುದೆಂಬುದು ಹೀಗೆ ಸಿದ್ಧವಾಯಿತು.

ಗೋವೆಯ ಸಮುದ್ರತೀರದಲ್ಲಿ ಫೋರ್ಕನ್ನು ಬಿಚ್ಚಿ, ಶುದ್ಧಮಾಡಿ, ಜೋಡಿಸಿದರೆನ್ನಿ. ಕೆಳಗಿನ ಕಾಲುಗಳಲ್ಲಿ ಅಲ್ಲಿಯ ಗಾಳಿ, 14.7 ಪೌಂಡಿನ ಒತ್ತಡದಲ್ಲಿ, ಸೆರೆಯಾಗುತ್ತದೆ. ಚೋರ್ಲಾ ಘಾಟವನ್ನೇರಿ ಬೆಳಗಾವಿಗೆ ಬಂದಾಗ ಹೊರಗಿನ ಒತ್ತಡ 13.4. ಒಳಗೆ 1.3 ಪೌಂಡು ಹೆಚ್ಚು. ಮುಖ್ಯ ಕೋಣೆಯ 80 ಪೌಂಡಿಗೆ ಇದೊಂದು ಲೆಕ್ಕವೇ ಅಲ್ಲ, ಮಾಪಕವು 81.3 ತೋರಿಸೀತು, ಅಷ್ಟೆ. ಆದರೆ ಕೆಳಗಿನ ಕಾಲುಗಳಲ್ಲಿ ಇರಬೇಕಾದ ಹೆಚ್ಚುವರಿ ಒತ್ತಡ ಸೊನ್ನೆ. 35 ಮಿಲಿಮೀಟರು ಹೊರವ್ಯಾಸದ ಎರಡು ಕೊಳವೆಗಳ ಕ್ಷೇತ್ರಫಲ ಸೇರಿ ಸುಮಾರು 3 ಚದರ ಅಂಗುಲ. ಆದುದರಿಂದ ಹೆಚ್ಚಾದ ಬಲ ಸುಮಾರು 4 ಪೌಂಡು, ಎರಡು ಕಿಲೋಗ್ರಾಮಿಗೂ ಕಡಿಮೆ. ಸೂಕ್ಷ್ಮವಾಗಿ ಗಮನಿಸುವ ಸವಾರನಿಗೆ ಮಾತ್ರ ಇದು ತಿಳಿದೀತು. ಆದರೆ ಅದೇ ಸೈಕಲ್ಲನ್ನು ಬೆಳಗಾವಿಯಲ್ಲಿ ಜೋಡಿಸಿ, ಸುಮಾರು 3500 ಮೀಟರು ಎತ್ತರದ ಲೇಹಕ್ಕೆ ಒಯ್ದರೆ ಸಂಗತಿ ಬೇರೆ. ಅಲ್ಲಿ ಹೊರಗಿನ ಒತ್ತಡ ಸುಮಾರು 9.5 ಪೌಂಡು ಮಾತ್ರ. ವ್ಯತ್ಯಾಸ 3.9 ಪೌಂಡು, ಬಲ ಐದು ಕಿಲೋಗ್ರಾಮಿಗೂ ಮಿಗಿಲು. ಫೋರ್ಕು ಕುಗ್ಗಿದಂತೆ ಕಾಲಿನ ಒಳಗಿನ ಜಾಗವೂ ಕಿರಿದಾಗಿ ಈ ಬಲವು ಇನ್ನೂ ಏರುತ್ತದೆ.

2020ರ ಈಚೆಗೆ ಬಂದ ಕೆಲವು ಮೇಲ್ದರ್ಜೆಯ ಫೋರ್ಕುಗಳಲ್ಲಿ ಕಾಲಿನ ಹಿಂಬದಿಗೆ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಸೆರೆಯಾದ ಗಾಳಿ ಉಸ್ಸೆಂದು ಹೊರಹೋಗುತ್ತದೆ. ಗುಂಡಿ ಇಲ್ಲದವುಗಳಲ್ಲಿ, ಮೊಂಡಾದ ತೆಳು ಪ್ಲಾಸ್ಟಿಕ್ ಪಟ್ಟಿಯನ್ನು ಸೀಲಿನ ತುಟಿಯ ಕೆಳಗೆ ನಯವಾಗಿ ತೂರಿಸಿ ಗಾಳಿಯನ್ನು ಬಿಡುವವರುಂಟು. ಲೋಹದ ಯಾವ ವಸ್ತುವನ್ನೂ ಅಲ್ಲಿ ಬಳಸಬಾರದು. ಕೊಳವೆಯ ಮೇಲೆ ಬಿದ್ದ ಕೂದಲೆಳೆಯಷ್ಟು ಗೀರೂ ಮುಂದೆ ಪ್ರತಿಯೊಂದು ಚಲನೆಯಲ್ಲಿಯೂ ಸೀಲನ್ನು ಕೊರೆಯುತ್ತದೆ.

ಕೆಂಪು ಧೂಳು, ಸಾಬೂನು ನೀರು, ಎಚ್ಚರ

ಸೀಲುಗಳ ದೊಡ್ಡ ಶತ್ರು ಧೂಳು. ಖಾನಾಪುರದ ಕಡೆಯ ಜಂಬಿಟ್ಟಿಗೆಯ ಧೂಳು ನೋಡಲು ಮೃದುವಾದರೂ ಅದರಲ್ಲಿ ಗಟ್ಟಿ ಹರಳುಗಳಿರುತ್ತವೆ. ಎಣ್ಣೆಯ ಪಸೆಯಿರುವ ಕೊಳವೆಗೆ ಅಂಟಿಕೊಂಡ ಧೂಳು ಅರೆಯುವ ಕಾಗದದಂತೆ ಕೆಲಸ ಮಾಡುತ್ತದೆ. ಪ್ರತಿ ಸವಾರಿಯ ನಂತರ ಮೃದುವಾದ ಬಟ್ಟೆಯಿಂದ ಕೊಳವೆಗಳನ್ನು ಒರೆಸುವುದು ಒಂದು ನಿಮಿಷದ ಕೆಲಸ. ವಾಹನ ತೊಳೆಯುವ ಅಂಗಡಿಯ ರಭಸದ ನೀರನ್ನು ಸೀಲಿನ ಮೇಲೆ ಬಿಡಬಾರದು; ಅದು ಕೊಳೆಯನ್ನು ಹೊರದೂಡುವ ಬದಲು ಒಳಕ್ಕೆ ನುಗ್ಗಿಸುತ್ತದೆ. ಹಲವು ತಯಾರಕರು 50 ಗಂಟೆಗಳ ಸವಾರಿಗೊಮ್ಮೆ ಕೆಳಗಿನ ಕಾಲುಗಳನ್ನು ತೆಗೆದು ಹೊಸ ಎಣ್ಣೆ ಹಾಕಬೇಕೆಂದು ಹೇಳುತ್ತಾರೆ. ವಾರಕ್ಕೆ ಮೂರು ಗಂಟೆ ಸುತ್ತುವವನಿಗೆ ಇದು ವರ್ಷಕ್ಕೆ ಮೂರು ಸಲ ಬರುತ್ತದೆ. ಮಳೆಗಾಲದ ಕೆಸರಿನಲ್ಲಿ ಸುತ್ತುವವನು ಇನ್ನೂ ಮುಂಚೆಯೇ ಮಾಡಿಸುವುದು ಲೇಸು.

ಗಾಳಿ ಹಾಕಲು ಫೋರ್ಕಿನದೇ ಆದ ಸಣ್ಣ ಪಂಪನ್ನು ಬಳಸಬೇಕು. ಅದರ ಒಂದೊಂದು ಹೊಡೆತಕ್ಕೂ ಸ್ವಲ್ಪವೇ ಗಾಳಿ ಹೋಗುವುದರಿಂದ ಒತ್ತಡವನ್ನು ನಿಖರವಾಗಿ ಹೊಂದಿಸಬಹುದು. ಟೈರಿನ ದೊಡ್ಡ ಪಂಪಿಗೆ ಈ ನಯ ಬಾರದು. ಪೆಟ್ರೋಲು ಬಂಕಿನ ಗಾಳಿಯ ಯಂತ್ರವನ್ನಂತೂ ಹತ್ತಿರಕ್ಕೇ ತರಬಾರದು. 120 ಘನ ಸೆಂಟಿಮೀಟರಿನ ಕೋಣೆಗೆ ಅದು ಬಹಳ ಒರಟು.

ಕೊನೆಯದಾಗಿ ಒಂದು ಎಚ್ಚರಿಕೆಯ ಮಾತು. ಅದುಮಿದ ಗಾಳಿಯು ಸುಮ್ಮನಿದ್ದಂತೆ ಕಂಡರೂ ಶಕ್ತಿಯನ್ನು ಕೂಡಿಟ್ಟುಕೊಂಡಿರುತ್ತದೆ. ಒಳಗೆ ಗಾಳಿಯಿರುವಾಗ ಮೇಲಿನ ಮುಚ್ಚಳವನ್ನು ತಿರುಗಿಸಿದರೆ ಅದು ಗುಂಡಿನಂತೆ ಸಿಡಿದು ಮುಖಕ್ಕೆ ಬಡಿಯಬಹುದು. ವಾಲ್ವನ್ನು ಒತ್ತಿ ಗಾಳಿ ಬಿಟ್ಟಿದ್ದೇವೆಂಬ ಧೈರ್ಯವೂ ಸಾಲದು. ಎದುರುಕೋಣೆಯಲ್ಲಿ ಒತ್ತಡ ಉಳಿದಿರಬಹುದು. ಗಾಳಿಯನ್ನೆಲ್ಲ ಬಿಟ್ಟ ಮೇಲೂ ಫೋರ್ಕು ಕುಗ್ಗಿ ಕುಳಿತೇ ಇದ್ದು, ಎಳೆದರೆ ಹಿಂದಕ್ಕೆ ಸೆಳೆಯುತ್ತಿದ್ದರೆ ಒಳಗೆ ಗಾಳಿಯಿದೆಯೆಂದೇ ತಿಳಿಯಬೇಕು. ಅಂತಹ ಫೋರ್ಕನ್ನು ಮನೆಯಲ್ಲಿ ಬಿಚ್ಚದೆ ಬಲ್ಲ ಕೆಲಸಗಾರನ ಕೈಗೆ ಕೊಡಬೇಕು. ಕೊಡುವಾಗ ಒಂದು ವಾರದ ತಗ್ಗಿನ ಪಟ್ಟಿಯನ್ನೂ, ಸಾಬೂನು ನೀರಿನಲ್ಲಿ ಕಂಡುದನ್ನೂ, ಬಿಡುವಾಗ ಫೋರ್ಕು ನಡೆದುಕೊಂಡ ಬಗೆಯನ್ನೂ ಒಂದು ಚೀಟಿಯಲ್ಲಿ ಬರೆದು ಕೊಟ್ಟರೆ ಅವನ ಅರ್ಧ ಕೆಲಸ ಮುಗಿದಂತೆ. ಯಾವ ಬಳೆ ಸವೆದಿದೆಯೆಂಬುದನ್ನು ಆ ಚೀಟಿಯೇ ಹೇಳುತ್ತದೆ. ಫೋರ್ಕನ್ನೇ ಬದಲಿಸಬೇಕೆಂಬ ಮಾತು ಬಂದರೆ ಏಕೆಂದು ಕೇಳುವ ಅಧಿಕಾರವೂ ನಮಗೆ ಅದರಿಂದಲೇ ಬರುತ್ತದೆ.